ಪಿಟೀಲಿನ ಸರದಿ ಬಂದಾಗ

ನನ್ನ ಮದುವೆಯ ಮಾತು ನಡೆದಾಗ ಮೈಸೂರಿನಲ್ಲಿದ್ದ ನಮ್ಮ ತಂದೆ ಗಂಡಿನ ಕಡೆಯ ಬಗ್ಗೆ ವಿಚಾರಿಸಿದ್ದು ಎರಡೇ ಸಂಗತಿ: ಹುಡುಗನಿಗೆ ಏನಾದರೂ ಚಟ ಇದೆಯೇ, ಅತ್ತೆ ಹೇಗೆ. ಹುಡುಗನಿಗೆ ಯಾವ ಚಟವೂ ಇಲ್ಲ ಎಂಬ ಉತ್ತರ ಬಂತು. ಅತ್ತೆಯ ಬಗ್ಗೆ ಬಂದ ಉತ್ತರ, ಆಕೆಗೆ ಸಂಗೀತದ ಹುಚ್ಚು, ಡಿಸೆಂಬರ್ ತಿಂಗಳಲ್ಲಿ ಆ ಮನೆಯಲ್ಲಿ ಸರಿಯಾಗಿ ಒಲೆ ಹಚ್ಚುವುದಿಲ್ಲ ಎಂದು. ನಮ್ಮ ತಂದೆ ಅದನ್ನು ದೂರು ಎಂದುಕೊಂಡು ಎರಡು ದಿನ ಯೋಚನೆ ಮಾಡಿದರು. ನಾನು ಅದನ್ನು ಕೇಳಿಯೇ ಒಪ್ಪಿಕೊಂಡಿದ್ದೆ.

ಅತ್ತೆಯ ಮನೆ ಚೆನ್ನೈನ ಕ್ರೋಂಪೇಟೆಯಲ್ಲಿ. ಮಾವನ ತಂದೆ ಯಾವ ಕಾಲದಲ್ಲೋ ರೈಲ್ವೆ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತವರು. ಅತ್ತೆ ಹುಟ್ಟಿದ್ದೂ ಇಲ್ಲಿಯೇ. ಅವರು ಆಡುವ ಕನ್ನಡ ಕೇಳಿ ಮೊದಲ ವರ್ಷ ನಾನು ಕಕ್ಕಾಬಿಕ್ಕಿಯಾಗಿದ್ದೆ. ಉಪ್ಪು ಸಾಲದಿದ್ದರೆ ಸಾರಿಗೆ 'ಪತ್ತಲಿಲ್ಲ', ತುಂಬ ಚೆನ್ನಾಗಿದ್ದರೆ ಸೀರೆ 'ರೊಂಬ ನಲ್ಲಾ' ಇದೆ, ಬೇಗ ಹೋಗಬೇಕಾದರೆ ಬಸ್ಸಿಗೆ 'ಸೀಕ್ರಂ' ಹೊರಡು. ಐದಾರು ವರ್ಷದಲ್ಲಿ ನನ್ನ ಕಿವಿ ಸವೆದು ಅದೇ ಕನ್ನಡ ಅನ್ನಿಸತೊಡಗಿತು. ಮೈಸೂರಿಗೆ ಹೋದಾಗ ತಂಗಿಯರು ನನ್ನ ಮಾತಿಗೇ ನಗುವಷ್ಟು ಪಳಗಿದೆ. ಚೆನ್ನೈನ ಕನ್ನಡಿಗರಿಗೆ ಇನ್ನೊಂದು ನಂಬಿಕೆಯೂ ಉಂಟು. ರೈಲಿನಲ್ಲಿ, ಸೀರೆ ಅಂಗಡಿಯಲ್ಲಿ, ಮದುವೆ ಊಟದಲ್ಲಿ ಕನ್ನಡದಲ್ಲಿ ಮಾತಾಡಿದರೆ ಅಕ್ಕಪಕ್ಕದವರಿಗೆ ಏನೂ ತಿಳಿಯುವುದಿಲ್ಲ ಎಂದು. ಆ ಧೈರ್ಯದ ಮೇಲೆ ನಾನೂ ಅತ್ತೆಯೂ ಎಷ್ಟು ಜನರನ್ನು ಅವರ ಎದುರಿಗೇ ಆಡಿಕೊಂಡಿದ್ದೇವೋ ಲೆಕ್ಕವಿಲ್ಲ.

ನಮ್ಮಿಬ್ಬರನ್ನು ಅತ್ತೆ ಸೊಸೆ ಮಾಡಿದ್ದು ಪುರೋಹಿತರಾದರೂ, ಗೆಳತಿಯರನ್ನಾಗಿ ಮಾಡಿದ್ದು ಒಬ್ಬ ಹಾಡುಗಾರರು. ಹೆಸರು ಬೇಡ, ನಮ್ಮ ಮನೆಯಲ್ಲಿ ಅವರನ್ನು 'ನಮ್ಮ ವಿದ್ವಾಂಸರು' ಎನ್ನುತ್ತಿದ್ದೆವು, ಉಳಿದವರೆಲ್ಲ ಬೇರೆಯವರ ವಿದ್ವಾಂಸರು. ಅವರ ಕಾಂಭೋಜಿ ರಾಗ ಕೇಳುವಾಗ ನನಗೆ ಕಾರಣವಿಲ್ಲದೆ ಕಣ್ಣು ತುಂಬುತ್ತಿತ್ತು. ಮೇಲಿನ ಷಡ್ಜದಲ್ಲಿ ಅವರು ನಿಂತರೆ ನಾನು ಉಸಿರಾಡುವುದನ್ನೇ ಮರೆಯುತ್ತಿದ್ದೆ. ಕೊನೆಯಲ್ಲಿ ಅವರೊಂದು ದೇವರನಾಮ ಹಾಡಿದರೆಂದರೆ ಅತ್ತೆ ಅಕ್ಕಪಕ್ಕದ ತಮಿಳು ಮಾಮಿಗಳನ್ನೆಲ್ಲ ಒಮ್ಮೆ ನೋಡುತ್ತಿದ್ದರು, ತಮ್ಮ ತವರಿನಿಂದ ಬಂದ ತಿಂಡಿಯನ್ನು ಹಂಚಿದಷ್ಟು ಹೆಮ್ಮೆಯಿಂದ. ನನ್ನ ವಿಮಾ ಕಚೇರಿ ಇದ್ದದ್ದು ನುಂಗಂಬಾಕ್ಕಂನಲ್ಲಿ, ಅವರ ಮನೆಯೂ ಅಲ್ಲೇ ಒಂದು ಹಳೆಯ ಬೀದಿಯಲ್ಲಿ. ಊಟದ ಬಿಡುವಿನಲ್ಲಿ ಬಾಳೆಹಣ್ಣು ಕೊಳ್ಳುವ ನೆವ ಮಾಡಿಕೊಂಡು ಆ ಬೀದಿಯಲ್ಲಿ ಎಷ್ಟು ಸಲ ಓಡಾಡಿದ್ದೇನೆಂದರೆ ನಮ್ಮ ಮನೆಯಲ್ಲಿ ಬಾಳೆಹಣ್ಣು ಕೊಳೆಯುತ್ತಿತ್ತು. ಒಳಗಿನಿಂದ ಅವರ ಸಾಧಕ ಕೇಳಿಸಿದ್ದು ಎರಡೇ ಸಲ. ಅಷ್ಟಕ್ಕೇ ನಾನು ಧನ್ಯಳಾಗಿದ್ದೆ.

ಡಿಸೆಂಬರ್ ಬಂತೆಂದರೆ ಊರಿನ ಸಭಾಗಳಲ್ಲೆಲ್ಲ ಸಂಗೀತ ಕಚೇರಿಗಳು. ವರ್ಷವಿಡೀ ಜ್ವರ ಬಂದರೂ ರಜೆ ಹಾಕದೆ ಉಳಿಸಿಟ್ಟ ನನ್ನ ರಜೆಗಳೆಲ್ಲ ಆ ತಿಂಗಳಿಗೆ ಮೀಸಲು. ಮಾವ ಮತ್ತು ನನ್ನ ಗಂಡ ಮೊಸರನ್ನ, ಉಪ್ಪಿನಕಾಯಿ ತಿಂದುಕೊಂಡು ವೈರಾಗ್ಯದಿಂದ ಇರುತ್ತಿದ್ದರು. ನಾವಿಬ್ಬರೂ ಎಲೆಕ್ಟ್ರಿಕ್ ರೈಲು ಹತ್ತಿ ಹೋಗಿ, ಕರವಸ್ತ್ರ ಹಾಸಿ ಜಾಗ ಹಿಡಿದು ಕೂರುತ್ತಿದ್ದೆವು. ನಮಗೊಂದು ಪಂದ್ಯವಿತ್ತು. ರಾಗ ಶುರುವಾದೊಡನೆ ಯಾರು ಮೊದಲು ಗುರುತಿಸುತ್ತಾರೋ ಅವರು ಗೆದ್ದಂತೆ, ಸೋತವರು ಮರುದಿನ ಪಾತ್ರೆ ತೊಳೆಯಬೇಕು. ಅತ್ತೆ ಗೆಲ್ಲಲು ಎಂಥ ಮೋಸಕ್ಕೂ ಹೇಸುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರಾದರೂ ಪುಸ್ತಕದಲ್ಲಿ ರಾಗದ ಹೆಸರು ಬರೆದುಕೊಳ್ಳುತ್ತಿದ್ದರೆ, ಸೆರಗು ಸರಿಮಾಡಿಕೊಳ್ಳುವವರಂತೆ ಬಗ್ಗಿ ಅದನ್ನು ಓದಿಬಿಡುತ್ತಿದ್ದರು.

ಸಭಾ ಎಂದ ಮೇಲೆ ಕ್ಯಾಂಟೀನು. ಆ ಕ್ಯಾಂಟೀನಿನ ಕಾಶಿ ಹಲ್ವಕ್ಕಾಗಿಯೇ ಟಿಕೆಟ್ಟು ಕೊಳ್ಳುವ ಜನ ಇದ್ದರು, ನಾವು ಅವರಲ್ಲ ಎಂದು ಹೇಳಿದರೆ ಸುಳ್ಳಾದೀತು. ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನ ಶುರುವಾದರೆ ಅರ್ಧ ಸಭಾಂಗಣ ಎದ್ದು ಕ್ಯಾಂಟೀನಿಗೆ ನುಗ್ಗುವುದು ಚೆನ್ನೈನ ಹಳೆಯ ಪದ್ಧತಿ. ಮೃದಂಗ ನುಡಿಸುವವರು ಪಾಪ ಬೆನ್ನುಗಳನ್ನು ನೋಡುತ್ತಲೇ ನುಡಿಸಬೇಕು. ಆ ಹೊತ್ತಿಗೆ ಹೋದರೆ ಸಾಲಿನಲ್ಲಿ ನಿಂತು ನಿಂತು ಹಲ್ವ ಮುಗಿದೇ ಹೋಗಿರುತ್ತದೆ. ಅದಕ್ಕೆ ಅತ್ತೆ ಒಂದು ಉಪಾಯ ಕಂಡುಹಿಡಿದಿದ್ದರು. ವಿದ್ವಾಂಸರು ದೊಡ್ಡ ರಾಗದ ಆಲಾಪನೆ ಮುಗಿಸಿ ಪಿಟೀಲಿನವರಿಗೆ ಬಿಟ್ಟುಕೊಡುತ್ತಾರಲ್ಲ, ಆಗಲೇ ಎದ್ದು ಹೋಗಿ ತಿಂದು, ಅವರು ಪಲ್ಲವಿ ಎತ್ತುವ ಹೊತ್ತಿಗೆ ಬಾಯಿ ಒರೆಸಿಕೊಂಡು ಬಂದು ಕೂರುವುದು. ಈ ಉಪಾಯವನ್ನು ಅತ್ತೆ ಯಾರಿಗೂ ಹೇಳಿರಲಿಲ್ಲ.

ಆ ವರ್ಷ, ತೊಂಬತ್ತರ ದಶಕದ ಕೊನೆಯಲ್ಲಿ, ನನ್ನ ಮೈದುನ ಸಿಂಗಪುರದಿಂದ ಒಂದು ಪುಟ್ಟ ಟೇಪ್ ರೆಕಾರ್ಡರ್ ತಂದುಕೊಟ್ಟ. ಅಂಗೈಯಗಲ, ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೆ ಪಿಸುಮಾತನ್ನೂ ಹಿಡಿಯುತ್ತಿತ್ತು. ಸಭಾದ ಬಾಗಿಲಲ್ಲಿ ರೆಕಾರ್ಡಿಂಗ್ ಮಾಡಬಾರದೆಂದು ದೊಡ್ಡದಾಗಿ ಬೋರ್ಡು ಇತ್ತು. ಅತ್ತೆ ಬೋರ್ಡನ್ನು ಭಕ್ತಿಯಿಂದ ಓದಿ, ತಮ್ಮ ಪ್ಲಾಸ್ಟಿಕ್ ವಯರಿನ ಬುಟ್ಟಿಯಲ್ಲಿ ಫ್ಲಾಸ್ಕು, ಅದರ ಕೆಳಗೆ ಶಾಲು, ಶಾಲಿನೊಳಗೆ ಈ ಯಂತ್ರ ಇಟ್ಟುಕೊಂಡು ಒಳಗೆ ನಡೆದರು. ಬಾಗಿಲಲ್ಲಿದ್ದ ಸ್ವಯಂಸೇವಕನಿಗೆ ತಾವೇ ಬುಟ್ಟಿ ಬಿಚ್ಚಿ ತೋರಿಸಿ, ಕೆಮ್ಮಿಗೆ ಬಿಸಿನೀರು ಎಂದರು. ಒಂದು ಬದಿ ಮುಗಿದರೆ ಯಂತ್ರ ಟಪ್ಪೆಂದು ಸದ್ದು ಮಾಡುತ್ತಿತ್ತು. ಅದಕ್ಕೂ ವ್ಯವಸ್ಥೆಯಾಗಿತ್ತು. ನಲವತ್ತು ನಿಮಿಷ ದಾಟಿದ ಮೇಲೆ ನಾನು ಗಡಿಯಾರ ನೋಡಿ ಅವರ ಮೊಣಕೈ ಮುಟ್ಟುವುದು, ಅವರು ಜೋರಾಗಿ ಕೆಮ್ಮುವುದು, ಆ ಕೆಮ್ಮಿನ ಮರೆಯಲ್ಲಿ ನಾನು ಕ್ಯಾಸೆಟ್ ತಿರುಗಿಸುವುದು. ಅವತ್ತು ಎಷ್ಟು ಚೆನ್ನಾಗಿ ಕೆಮ್ಮಿದರೆಂದರೆ ಹಿಂದಿನ ಸಾಲಿನವರು ಶುಂಠಿ ಮಿಠಾಯಿ ಕೊಟ್ಟರು.

ಅವತ್ತಿನ ಕಚೇರಿ ನಮ್ಮ ವಿದ್ವಾಂಸರದು. ಪಿಟೀಲಿಗೆ ಎಂದಿನಂತೆ ಅವರ ಹಳೆಯ ಜೊತೆಗಾರರು, ತೆಳ್ಳಗಿನ ಮನುಷ್ಯ, ಮೂವತ್ತು ವರ್ಷದಿಂದ ಇವರ ಪಕ್ಕದಲ್ಲಿ ಕೂತು ನುಡಿಸಿದವರು. ವಿದ್ವಾಂಸರು ಹಾಡುವಷ್ಟು ಹೊತ್ತು ನಾವು ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಅವರು ನಿಲ್ಲಿಸಿದರೆ ನಮ್ಮದು ಶುರು. ಅತ್ತೆ ಯಾರನ್ನು ಪ್ರೀತಿಸುತ್ತಾರೋ ಅವರನ್ನೇ ಹೆಚ್ಚು ಹಂಗಿಸುವ ಜಾತಿ. ವಿದ್ವಾಂಸರಿಗೆ ವಯಸ್ಸಾಯಿತು, ಕೆಳಗಿನ ಸ್ವರಕ್ಕೆ ಹೋದರೆ ಆಡು ಕೂಗಿದ ಹಾಗಿದೆ ಎಂದರು. ಆ ಶಾಲು ನೋಡು, ಹೆಂಡತಿಯ ಹಳೆಯ 'ಪೊಡವೆ'ಯ ಸೆರಗಿನ ಅಂಚು ಹರಿದು ಹೊಲಿಸಿದ್ದು ಎಂದರು. ಪಲ್ಲಕ್ಕಿ ಹೊರುವವರ ಹಾಗೆ ರಾಗವನ್ನು ಊರೆಲ್ಲ ಹೊತ್ತು ತಿರುಗುತ್ತಾರೆ, ಇಳಿಸುವುದೇ ಇಲ್ಲ ಎಂದು ನಾನೂ ನನ್ನ ಪಾಲು ಸೇರಿಸಿದೆ. ಆಮೇಲೆ ಕಾಂಭೋಜಿ ಬಂತು. ಇಪ್ಪತ್ತು ನಿಮಿಷ ನಾವಿಬ್ಬರೂ ಈ ಲೋಕದಲ್ಲಿ ಇರಲಿಲ್ಲ. ಮುಗಿಸಿ ಅವರು ಪಿಟೀಲಿನ ಕಡೆ ಕೈ ತೋರಿದರು. ಅತ್ತೆ ಕಣ್ಣೊರೆಸಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಸೀಕ್ರಂ ಏಳ್ಮಾ, ಇನ್ನು ಪಿಟೀಲು ತಾನೇ. ಅಪ್ಪುರಂ ಕ್ಯೂ ಜಾಸ್ತಿ ಆಗೋಗತ್ತೆ."

ಜಾಗಕ್ಕೆ ಬುಟ್ಟಿ ಇಟ್ಟು ಎದ್ದು ಹೋದೆವು. ಹಲ್ವ ಬಿಸಿಯಾಗಿತ್ತು.

ಜನವರಿ ಕೊನೆಯಲ್ಲಿ ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂತು. ಪಿಟೀಲಿನವರು ತೀರಿಕೊಂಡಿದ್ದರು. ಅತ್ತೆ 'ಪಾವಂ' ಎಂದು ಲೊಚಗುಟ್ಟಿದರು, ನಾನು ಪಾಪ ಎಂದೆ. ಇನ್ನು ನಮ್ಮ ವಿದ್ವಾಂಸರಿಗೆ ಯಾರು ನುಡಿಸುತ್ತಾರೋ ಎಂದು ಸ್ವಲ್ಪ ಹೊತ್ತು ಚರ್ಚಿಸಿ ಪುಟ ತಿರುಗಿಸಿದೆವು.

ಮಾಡಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಅತ್ತೆಗೆ ಅದೊಂದು ಬಾರದು. ಮಾರ್ಚಿನಲ್ಲಿ ಯಾವುದೋ ಮದುವೆಯ ಪಂಕ್ತಿಯಲ್ಲಿ ಕೂತು, ಡಿಸೆಂಬರಿನ ಆ ಕಚೇರಿ ಪೂರ್ತಿ ನಮ್ಮ ಹತ್ತಿರ ಇದೆ, ನನ್ನ ಸೊಸೆ ಏನು ಕಿಲಾಡಿ ಎಂದುಕೊಂಡಿರಿ ಎಂದು ಪಕ್ಕದ ಎಲೆಯಾಕೆಗೆ ಹೇಳಿಬಿಟ್ಟರು. ಪಕ್ಕದ ಎಲೆಯಾಕೆ ವಿದ್ವಾಂಸರ ನಾದಿನಿ. ಎರಡು ದಿನ ಬಿಟ್ಟು ನಮ್ಮ ಮನೆಗೆ ಫೋನು ಬಂತು. ವಿದ್ವಾಂಸರ ಹೆಂಡತಿ, ತುಂಬ ವಿನಯದಿಂದ, ಸಭಾದವರು ಅವತ್ತು ರೆಕಾರ್ಡ್ ಮಾಡಿರಲಿಲ್ಲವಂತೆ, ನಿಮ್ಮಲ್ಲಿ ಇದೆಯೆಂದು ತಿಳಿಯಿತು, ಅವರಿಗೆ ಅದನ್ನೊಮ್ಮೆ ಕೇಳಬೇಕಂತೆ ಎಂದರು. ಕದ್ದದ್ದಕ್ಕೆ ಬೈಯುತ್ತಾರೆಂದುಕೊಂಡಿದ್ದ ನನಗೆ ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿದ್ವಾಂಸರ ಮನೆಯೊಳಗೆ ಹೋಗುತ್ತೇನೆ, ಅವರಿಗೆ ಬೇಕಾದದ್ದು ನನ್ನ ಕೈಯಲ್ಲಿದೆ.

ಆ ಸಂತೋಷ ಸಂಜೆ ಕ್ಯಾಸೆಟ್ ಹಾಕುವವರೆಗೆ ಮಾತ್ರ. ಬುಟ್ಟಿ ಇದ್ದದ್ದು ನಮ್ಮಿಬ್ಬರ ನಡುವೆ. ವಿದ್ವಾಂಸರು ದೂರದಲ್ಲಿ ಸಣ್ಣಗೆ ಹಾಡುತ್ತಿದ್ದರು, ನಾವು ಹತ್ತಿರದಲ್ಲಿ ದೊಡ್ಡದಾಗಿ ಮಾತಾಡುತ್ತಿದ್ದೆವು. ಆಡು, ಪೊಡವೆ, ಪಲ್ಲಕ್ಕಿ ಎಲ್ಲವೂ ಗಂಟೆ ಹೊಡೆದ ಹಾಗೆ ಕೇಳಿಸುತ್ತಿತ್ತು. ಮೊದಲೆಲ್ಲ ಕೇಳುವಾಗ ಹಾಡು ಮುಗಿದೊಡನೆ ಫಾರ್ವರ್ಡ್ ಒತ್ತಿ ಮುಂದಿನ ಹಾಡಿಗೆ ಹೋಗುತ್ತಿದ್ದರಿಂದ ಇದು ನಮಗೆ ಗೊತ್ತೇ ಆಗಿರಲಿಲ್ಲ. ಅವರಿಗೆ ಕನ್ನಡ ಬರುವುದಿಲ್ಲವಲ್ಲ ಎಂದು ಅತ್ತೆ ಸಮಾಧಾನ ಹೇಳಿದರು. ನಾನು ಇನ್ನೊಮ್ಮೆ ಹಾಕಿ ಕೇಳಿದೆ. ಯಂತ್ರದಿಂದ ಬಂದಾಗ ಮೊದಲ ಸಲ ಗೊತ್ತಾಯಿತು. ಅದರಲ್ಲಿ ಕನ್ನಡ ಅಂತ ಇದ್ದದ್ದು ಒಗ್ಗರಣೆಯಷ್ಟು, ಉಳಿದದ್ದೆಲ್ಲ ಶುದ್ಧ ಕ್ರೋಂಪೇಟೆ ತಮಿಳು. ತಮಿಳುನಾಡಿನ ಯಾವ ಮಗುವಾದರೂ ಅರ್ಥ ಮಾಡಿಕೊಳ್ಳಬಹುದಿತ್ತು. ಇಷ್ಟು ವರ್ಷ ರೈಲಿನಲ್ಲಿ ನಮ್ಮ ಎದುರು ಕೂತವರ ಮುಖಗಳೆಲ್ಲ ಒಂದೊಂದಾಗಿ ನೆನಪಾದವು.

ಸರಿಮಾಡುವ ದಾರಿಯೂ ಅಲ್ಲೇ ಕಂಡಿತು. ಅವರು ಹಾಡುವಾಗ ನಾವು ಒಂದಕ್ಷರ ಆಡಿರಲಿಲ್ಲ. ಮಾತೆಲ್ಲ ಬಿದ್ದದ್ದು ಪಿಟೀಲಿನ ಮೇಲೆ. ಎರಡು ಕ್ಯಾಸೆಟ್ ಹಾಕುವ ದೊಡ್ಡ ಟೇಪ್ ರೆಕಾರ್ಡರಿನ ಮುಂದೆ ಭಾನುವಾರವಿಡೀ ಕೂತು ನಕಲು ಮಾಡಿದೆವು. ಪಿಟೀಲು ಬಂದರೆ ನಿಲ್ಲಿಸು, ಹಾಡು ಬಂದರೆ ಬಿಡು ಎಂದು ಅತ್ತೆ ಹೇಳುತ್ತಿದ್ದರು, ನಾನು ಗುಂಡಿ ಒತ್ತುತ್ತಿದ್ದೆ. ಸಂಜೆಯ ಹೊತ್ತಿಗೆ ಗಂಗಾಜಲದಷ್ಟು ನಿರ್ಮಲವಾದ ಕ್ಯಾಸೆಟ್ ತಯಾರಾಯಿತು. ಅದರ ಮೇಲೆ ಕುಂಕುಮ ಬೇರೆ ಹಚ್ಚಿದರು ಅತ್ತೆ. ಆ ದಿನ ನಮ್ಮ ಬುದ್ಧಿವಂತಿಕೆಯನ್ನು ನಾವೇ ಮೆಚ್ಚಿಕೊಂಡು ಕೇಸರಿಬಾತು ಮಾಡಿಕೊಂಡು ತಿಂದೆವು.

ಮುಂದಿನ ಶನಿವಾರ ಹೂವು ಹಣ್ಣು ಹಿಡಿದು ಹೋದೆವು. ಹೊರಗಿನಿಂದ ಅಷ್ಟು ಸಲ ನೋಡಿದ್ದ ಬಾಗಿಲನ್ನು ಕೊನೆಗೂ ದಾಟಿದೆ. ವಿದ್ವಾಂಸರು ಬನಿಯನ್ನು, ಪಂಚೆಯಲ್ಲಿ ಕೂತಿದ್ದರು, ವೇದಿಕೆಯ ಮೇಲೆ ಕಾಣುವುದಕ್ಕಿಂತ ಚಿಕ್ಕವರಾಗಿ. ಕದ್ದು ರೆಕಾರ್ಡ್ ಮಾಡಿದ್ದರ ಬಗ್ಗೆ ಒಂದು ಮಾತಿಲ್ಲ. ಕ್ಯಾಸೆಟ್ಟನ್ನು ಎರಡು ಕೈಯಲ್ಲಿ ತೆಗೆದುಕೊಂಡು ಆಗಲೇ ಹಾಕಿದರು. ಅವರ ವರ್ಣ, ಅವರ ಕೃತಿ, ಅವರ ಆಲಾಪನೆ, ಒಂದರ ಹಿಂದೆ ಒಂದು. ನಾವು ಭಲೇ ಎನ್ನುವ ಮುಖ ಮಾಡಿಕೊಂಡು ಕೂತೆವು. ಅವರು ಮಾತ್ರ ತಮ್ಮ ಹಾಡನ್ನು ಕೇಳುತ್ತಿದ್ದ ಹಾಗೆ ಕಾಣಲಿಲ್ಲ. ಬಸ್ಸಿಗೆ ಕಾಯುವವರಂತೆ ಕತ್ತು ಮುಂದೆ ಚಾಚಿ ಏನನ್ನೋ ಕಾಯುತ್ತಿದ್ದರು. ಒಂದು ರಾಗದಿಂದ ನೇರ ಇನ್ನೊಂದು ಹಾಡಿಗೆ ಮೂರನೆಯ ಸಲ ಹಾರಿದಾಗ ಅವರು ಯಂತ್ರ ನಿಲ್ಲಿಸಿ ನಮ್ಮ ಕಡೆ ನೋಡಿದರು.

"ಪಿಟೀಲು ಎಲ್ಲಿ?" ಎಂದು ತಮಿಳಿನಲ್ಲಿ ಕೇಳಿದರು.

ನಾನು ಟೇಪು ಸ್ವಲ್ಪ ಕೆಟ್ಟಿದೆ ಎಂದು ತೊದಲಿದೆ. ಅವರು ಮಗುವಿನಂಥ ಮುಖ ಮಾಡಿಕೊಂಡು ತಲೆಯಾಡಿಸಿದರು. ಅದು ಅವನ ಕೊನೆಯ ಕಚೇರಿ, ನನ್ನದು ನನಗೇಕೆ, ಅವನದು ಕೇಳಬೇಕಾಗಿತ್ತು ಎಂದಷ್ಟೇ ಹೇಳಿದರು. ನಮ್ಮನ್ನು ಬಾಗಿಲವರೆಗೆ ಕಳಿಸಿಕೊಡಲು ಎದ್ದು ಬಂದರು. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾದದ್ದು.

ವಾಪಸು ಬರುವ ರೈಲಿನಲ್ಲಿ ಎದುರು ಕೂತ ಹೆಂಗಸು ಕಡುಗುಲಾಬಿ ಸೀರೆಗೆ ಹಸಿರು ರವಿಕೆ ತೊಟ್ಟಿದ್ದರೂ ಅತ್ತೆ ಆಡಿಕೊಳ್ಳಲಿಲ್ಲ. ಮನೆಗೆ ಬಂದ ಮೇಲೆ ಜಗಳವಾಯಿತು. ಅಸಲು ಕ್ಯಾಸೆಟ್ ಕೊಟ್ಟುಬಿಡೋಣ ಎಂದೆ ನಾನು. ಕೊಟ್ಟರೆ ಇನ್ನು ಅವರ ಕಚೇರಿಗೆ ಯಾವ ಮುಖ ಹೊತ್ತು ಹೋಗುವುದು ಎಂದರು ಅತ್ತೆ. ನನಗೂ ಇದ್ದದ್ದು ಅದೇ ಭಯ. ಆ ಕಾಂಭೋಜಿ ಇಲ್ಲದ ಡಿಸೆಂಬರು ನನಗೆ ಬೇಡವಾಗಿತ್ತು. ಕೊಡದಿದ್ದರೂ ಅದನ್ನು ಕೇಳುವ ಮುಖ ಎಲ್ಲಿದೆ ಎಂದೆ. ಅತ್ತೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ನನ್ನ ಮುಂದೆ ಕುಕ್ಕಿದರು.

"ಆಡು ಅಂದೋಳು ನಾನು. ನಾನೇ ಕೊಂಡೋಗಿ ಕೊಡ್ತೀನಿ. ನೀನು ಕೂಡ ಬಾ, ಅಷ್ಟೆ."

ಮತ್ತೆ ಹೋದೆವು. ಈ ಸಲ ಹೂವು ಹಣ್ಣು ಇರಲಿಲ್ಲ. ಅತ್ತೆ ಕೂರುವ ಮೊದಲೇ, ಇದರಲ್ಲಿ ಪಿಟೀಲು ಇದೆ, ಅದರ ಮೇಲೆ ನಾನಿದ್ದೇನೆ, ಕೇಳಿದ ಮೇಲೆ ನೀವು ಏನು ಬೇಕಾದರೂ ಬೈಯಿರಿ ಎಂದು ತಮಿಳಿನಲ್ಲಿ ಹೇಳಿ ಕ್ಯಾಸೆಟ್ ಕೊಟ್ಟರು. ವಿದ್ವಾಂಸರು ಹಾಕಿದರು. ಅವರ ಹಾಡು ಮುಗಿಯಿತು, ಪಿಟೀಲು ಎದ್ದಿತು, ಅದರ ಮೇಲೆ ಆಡು ಬಂತು. ನಾನು ನೆಲದ ಹಾಸುಗಲ್ಲು ಎಣಿಸತೊಡಗಿದೆ. ಅವರು ಹುಬ್ಬು ಹಾರಿಸಿದರು, ಅಷ್ಟೆ. ಪೊಡವೆಯ ಅಂಚು ಬಂದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ನಿಜವೇ ಇರಬೇಕು. ಪಲ್ಲಕ್ಕಿ ಬಂದಾಗ ವಿದ್ವಾಂಸರು ಇದು ಯಾರ ಧ್ವನಿ ಎಂಬಂತೆ ನನ್ನತ್ತ ತಿರುಗಿದರು. ನಾನು ಕೈ ಮುಗಿದೆ. ಅವರಿಗೆ ಸಿಟ್ಟು ಬಂದಿರಲಿಲ್ಲ. ನಮ್ಮ ಮಾತಿನ ಸಂದಿಯಲ್ಲಿ ಎಲ್ಲಾದರೂ ನಾಲ್ಕು ಸ್ವರ ಸಿಕ್ಕೀತೇ ಎಂದು ಯಂತ್ರಕ್ಕೆ ಕಿವಿ ಹಚ್ಚಿ ಹುಡುಕುತ್ತಿದ್ದರು. ಸಿಕ್ಕಿದ್ದು ಬಹಳ ಕಡಿಮೆ. ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದೇ ಮೇಲಾಗಿತ್ತು.

ಕಾಂಭೋಜಿ ಬಂತು, ಮುಗಿಯಿತು. ಕ್ಯೂ ಜಾಸ್ತಿಯಾಗುತ್ತದೆ ಎಂಬ ಅತ್ತೆಯ ಧ್ವನಿ ಬಂತು. ಕುರ್ಚಿಗಳ ಕಿರಕಿರ, ನಮ್ಮ ಚಪ್ಪಲಿಗಳ ಸದ್ದು ದೂರವಾಯಿತು. ಆಮೇಲೆ ಬರೀ ಪಿಟೀಲು.

ಅದನ್ನು ನಾವು ಯಾವತ್ತೂ ಕೇಳಿರಲಿಲ್ಲ. ಆ ಮನುಷ್ಯ ವಿದ್ವಾಂಸರು ಬಿಟ್ಟ ಕಡೆಯಿಂದಲೇ ರಾಗವನ್ನು ಎತ್ತಿಕೊಂಡು, ಅವರು ಹೋಗದ ಒಂದು ಓಣಿಗೆ ಮೆಲ್ಲನೆ ತಿರುಗಿದರು. ಅಲ್ಲಿ ಯಾವ ಆತುರವೂ ಇರಲಿಲ್ಲ. ಯಾರೂ ಕೇಳುತ್ತಿಲ್ಲ ಎಂದು ಗೊತ್ತಿರುವವರು ತಮಗೆ ತಾವೇ ಹೇಳಿಕೊಳ್ಳುವ ಹಾಗೆ ನುಡಿಸಿದ್ದರು. ನನ್ನ ಜೀವನದಲ್ಲಿ ಕೇಳಿದ ಕಾಂಭೋಜಿಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಅದು ನಡೆಯುವಾಗ ನಾನು ಐವತ್ತು ಹೆಜ್ಜೆ ಆಚೆ ದೊನ್ನೆ ಹಿಡಿದು ನಿಂತಿದ್ದೆ.

ಹತ್ತು ನಿಮಿಷವಿದ್ದೀತು. ಕುರ್ಚಿ ಮತ್ತೆ ಕಿರುಗುಟ್ಟಿತು, ಹಲ್ವಕ್ಕೆ ತುಪ್ಪ ಸಾಲದು ಎಂದು ಅತ್ತೆ ಯಂತ್ರದೊಳಗಿಂದ ಹೇಳಿದರು. ವಿದ್ವಾಂಸರು ಟೇಪನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಹಾಕಿದರು. ಮತ್ತೆ ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಹಾಕಿದರು. ಅವರ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ನಾವಿನ್ನು ಎದ್ದು ಹೊರಡಬೇಕಾಗಿತ್ತು, ಆದರೆ ಆ ಮನೆಯಲ್ಲಿ ಪಿಟೀಲು ನುಡಿಯುತ್ತಿರುವಾಗ ಏಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಮೂರನೆಯ ಸಲ ಮುಗಿದಾಗ ಅತ್ತೆ ಬಾಯಿ ತೆರೆದರು.

"ನಾವು ಎದ್ದೋದ ಮೇಲೆ ರೊಂಬ ಚೆನ್ನಾಗಿ ನುಡ್ಸಿದಾರೆ," ಎಂದು ನನಗೆ ಹೇಳುವಂತೆ ಕನ್ನಡದಲ್ಲೇ ಹೇಳಿದರು.

ಅದು ವಿದ್ವಾಂಸರಿಗೆ ಅರ್ಥವಾಯಿತು. ಯಂತ್ರದ ಮೇಲೆ ಕೈ ಇಟ್ಟುಕೊಂಡೇ ಅವರು ತಲೆಯೆತ್ತಿದರು.

"ನೀವು ಎದ್ದು ಹೋಗಿದ್ದಿರಿ ಅಮ್ಮ. ನಾನು ಪಕ್ಕದಲ್ಲೇ ಕೂತಿದ್ದೆ," ಎಂದರು. "ಮುಂದೆ ಯಾವ ಹಾಡು ಅಂತ ಯೋಚನೆ ಮಾಡುತ್ತಿದ್ದೆ."